ಬ್ಯಾಂಡು ಬಿಗಿಸುವ ದಿನದ ಬವಳಿ

ಎಚ್ಚರವಾದಾಗ ನನ್ನ ಬಲಗೈಯಲ್ಲಿ ಯಾರದೋ ಬೀಗದ ಕೈಗಳ ಗೊಂಚಲು ಇತ್ತು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಚಿಕಿತ್ಸಾ ಕೊಠಡಿಯ ನೆಲದ ಮೇಲೆ ನಾನು ಮಲಗಿದ್ದೆ. ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು, ಬಾಗಿಲ ಬಳಿ ಹೆಂಡತಿ ಅಳುತ್ತಾ ನಿಂತಿದ್ದಳು. ಬಿದ್ದ ಕ್ಷಣದಲ್ಲಿ ನನ್ನ ಕೈಗಳು ಎರಡು ಮೂರು ಸಲ ಅದುರಿದವಂತೆ. ಅದನ್ನು ಕಂಡ ಆಯಾ ಇದು ಮೂರ್ಛೆರೋಗವೇ ಸರಿ ಎಂದು ತೀರ್ಮಾನಿಸಿ, ಊರುಕೇರಿಗಳಲ್ಲಿ ಮಾಡುವಂತೆ ಕೈಗೆ ಕಬ್ಬಿಣ ಹಿಡಿಸಿದ್ದರು. ಆ ಗೊಂಚಲು ಔಷಧಿಯ ಬೀರುವಿನದೆಂದು ಆಮೇಲೆ ತಿಳಿಯಿತು.

ಇದು 2013ರ ಜನವರಿಯ ಮಾತು. ಆಗ ನನಗೆ 42 ವರ್ಷ. ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೆ, ಜೊತೆಗೆ ಮನೆಯ ಸುತ್ತ ಎರಡೂವರೆ ಎಕರೆ ರೋಬಸ್ಟಾ ಕಾಫಿ ತೋಟವಿತ್ತು. ತೂಕ 121 ಕಿಲೋ ತಲುಪಿ, ರಕ್ತದೊತ್ತಡಕ್ಕೆ ದಿನಕ್ಕೆ ಎರಡು ಬಗೆಯ ಮಾತ್ರೆ ನುಂಗುತ್ತಿದ್ದ ನಾನು, ಹಿಂದಿನ ನವೆಂಬರ್ ಕೊನೆಯಲ್ಲಿ ತೂಕ ಇಳಿಸಲೆಂದು ಹೊಟ್ಟೆಯೊಳಗೆ ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡಿದ್ದೆ.

ತೂಕ ಇಳಿಸಲು ಈಗ ಹೆಚ್ಚಾಗಿ ಜಠರವನ್ನೇ ಕಿರಿದಾಗಿಸುವ ಸ್ಲೀವ್ ಮತ್ತು ಬೈಪಾಸ್ ಶಸ್ತ್ರಚಿಕಿತ್ಸೆಗಳೇ ನಡೆಯುವುದರಿಂದ, ಬ್ಯಾಂಡ್ ಎಂದರೇನೆಂದು ಒಂದು ಮಾತು ಹೇಳಬೇಕಾಗುತ್ತದೆ. ಅದು ಜಠರದ ಮೇಲ್ಭಾಗವನ್ನು ಸೊಂಟಪಟ್ಟಿಯಂತೆ ಸುತ್ತುವರಿಯುವ ಸಿಲಿಕೋನ್ ಪಟ್ಟಿ. ಅದರ ಒಳಮೈಯಲ್ಲಿ ಸೈಕಲ್ ಟ್ಯೂಬಿನಂತೆ ಉಬ್ಬುವ ಪೊಳ್ಳು ಇರುತ್ತದೆ. ಆ ಪೊಳ್ಳಿನಿಂದ ಹೊರಟ ತೆಳುವಾದ ನಳಿಕೆಯೊಂದು, ಹೊಟ್ಟೆಯ ಚರ್ಮದ ಕೆಳಗೆ ಸ್ನಾಯುವಿನ ಮೇಲೆ ಹೊಲಿದಿಟ್ಟ ‘ಪೋರ್ಟ್’ ಎಂಬ ದಪ್ಪ ಗುಂಡಿಯನ್ನು ಸೇರುತ್ತದೆ. ಪೋರ್ಟಿಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ಹೊರಗೆಳೆದರೆ ಸಡಿಲವಾಗುತ್ತದೆ. ಶಸ್ತ್ರಚಿಕಿತ್ಸೆಯ ದಿನ ಅದನ್ನು ಸಡಿಲವಾಗಿಯೇ ಬಿಟ್ಟು, ನಾಲ್ಕರಿಂದ ಆರು ವಾರಗಳ ನಂತರ ಮೊದಲ ಸಲ ಬಿಗಿಸುತ್ತಾರೆ. ಬಳಿಕ ಹಸಿವು, ತೂಕ, ವಾಂತಿ ಇವುಗಳನ್ನು ನೋಡಿಕೊಂಡು ಅರ್ಧ, ಒಂದು ಮಿಲಿಲೀಟರಿನ ಲೆಕ್ಕದಲ್ಲಿ ಹೊಂದಿಸುತ್ತಾ ಹೋಗುತ್ತಾರೆ. ಆಸ್ಪತ್ರೆಯವರು ಅದನ್ನು ‘ಫಿಲ್ಲಿಂಗ್’ ಎನ್ನುತ್ತಿದ್ದರು. ಶಸ್ತ್ರಚಿಕಿತ್ಸೆಯ ಬಗ್ಗೆ ನೂರು ಪ್ರಶ್ನೆ ಕೇಳಿದ್ದ ನಾನು ಫಿಲ್ಲಿಂಗ್ ಬಗ್ಗೆ ಒಂದನ್ನೂ ಕೇಳಿರಲಿಲ್ಲ. ಒಂದು ಇಂಜೆಕ್ಷನ್ನಿನಲ್ಲಿ ಕೇಳುವುದಾದರೂ ಏನಿದೆ ಎಂದುಕೊಂಡಿದ್ದೆ.

ಆ ಬೆಳಿಗ್ಗೆ ಐದು ಗಂಟೆಗೆ ಮನೆ ಬಿಟ್ಟೆವು. ಮೈಸೂರಿಗೆ ಸುಮಾರು 100 ಕಿಲೋಮೀಟರ್. ಆನೆಕಾಡಿನ ತಿರುವುಗಳಲ್ಲಿ ಹೊಟ್ಟೆ ತೊಳಸಿ ವಾಂತಿಯಾದೀತೆಂಬ ಹೆದರಿಕೆಯಿಂದ ನಾನು ಏನನ್ನೂ ಕುಡಿದಿರಲಿಲ್ಲ. ಹಿಂದಿನ ರಾತ್ರಿ ಎಂಟಕ್ಕೆ ಒಂದು ಲೋಟ ಗಂಜಿ ಕುಡಿದದ್ದೇ ಕೊನೆ. ಆದರೆ ರಕ್ತದೊತ್ತಡದ ಮಾತ್ರೆಗಳನ್ನು ಮಾತ್ರ ಶ್ರದ್ಧೆಯಿಂದ ನುಂಗಿದ್ದೆ. ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದ ಮೇಲೆ ಹೆಸರು ಕರೆದರು.

ಮಂಚದ ಮೇಲೆ ಮಲಗಿಸಿ, ಹೊಕ್ಕುಳಿನ ಎಡ ಮೇಲ್ಬದಿಯಲ್ಲಿ ಬೆರಳಿನಿಂದ ಒತ್ತಿ ಒತ್ತಿ ಪೋರ್ಟನ್ನು ಹುಡುಕಿದರು. ಕೊಬ್ಬಿನ ಪದರ ದಪ್ಪವಿದ್ದುದರಿಂದ ಅದು ಸುಲಭವಾಗಿ ಕೈಗೆ ಸಿಗಲಿಲ್ಲ. “ತಲೆ ಸ್ವಲ್ಪ ಎತ್ತಿ ಹಿಡಿಯಿರಿ” ಎಂದರು. ತಲೆ ಎತ್ತಿದಾಗ ಹೊಟ್ಟೆಯ ಸ್ನಾಯು ಗಟ್ಟಿಯಾಗಿ, ಅದರ ಮೇಲಿನ ಪೋರ್ಟ್ ಮುಂದಕ್ಕೆ ಬಂದು ನಿಲ್ಲುತ್ತದೆ. ಸೂಜಿ ಚರ್ಮವನ್ನು ದಾಟಿದ್ದು ಇರುವೆ ಕಚ್ಚಿದಷ್ಟೇ ನೋವು. ಅದು ಪೋರ್ಟಿನ ಪೊರೆಯನ್ನು ಹೊಕ್ಕು ತಳಕ್ಕೆ ತಾಗಿದಾಗ ಮಾತ್ರ ಹೊಟ್ಟೆಯೊಳಗೆ ‘ಟಕ್’ ಎಂದಂತಾಯಿತು. ಅದು ನೋವಲ್ಲ, ಮೈಯೊಳಗೆ ಯಾರೋ ಬಾಗಿಲು ತಟ್ಟಿದಂಥ ಅನುಭವ. ನನ್ನನ್ನು ಕೆಡವಿದ್ದು ಅದೇ ಇರಬೇಕೆಂದು ಇಂದಿಗೂ ನಂಬಿದ್ದೇನೆ. 3 ಮಿಲಿಲೀಟರ್ ತುಂಬಿ, ಸೂಜಿ ತೆಗೆದು, “ಎದ್ದು ಕೂತು ಸ್ವಲ್ಪ ನೀರು ಕುಡಿಯಿರಿ, ಇಳಿಯುತ್ತದೋ ನೋಡೋಣ” ಎಂದರು.

ಎದ್ದು ಕೂತೆ. ಲೋಟ ಕೈಗೆ ಬಂತು. ಮೊದಲು ಆಕಳಿಕೆ ಬಂತು, ಒಂದರ ಹಿಂದೆ ಒಂದರಂತೆ ಮೂರು. ಹಿಂದಿನ ದಿನ ನಿದ್ದೆ ಸಾಲದೆ ಬಂದಿರಬೇಕೆಂದುಕೊಂಡೆ. ಆಮೇಲೆ ಕುತ್ತಿಗೆಯ ಹಿಂದೆ ತಣ್ಣನೆಯ ಬೆವರು, ಕಿವಿಯಲ್ಲಿ ಕಾಫಿ ಪಲ್ಪರ್ ತಿರುಗುವಾಗಿನಂಥ ಸದ್ದು. ಎದುರಿನ ಬಿಳಿ ಗೋಡೆ ಅಂಚುಗಳಿಂದ ಕಂದುತ್ತಾ ಬಂದು ನಡುವೆ ತಟ್ಟೆಯಷ್ಟು ಬೆಳಕು ಉಳಿಯಿತು. ಡಾಕ್ಟರು ಏನೋ ಕೇಳುತ್ತಿದ್ದರು, ಅವರ ಮಾತು ಕೆರೆಯ ಆಚೆ ದಡದಿಂದ ಬಂದಂತಿತ್ತು. ನಂತರದ್ದು ಬೀಗದ ಕೈಗಳ ಗೊಂಚಲು.

ಬಿದ್ದ ಕೂಡಲೇ ಇಬ್ಬರು ನನ್ನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಲು ಹೊರಟಿದ್ದರಂತೆ. ಒಳಗಿನಿಂದ ಓಡಿಬಂದ ಹಿರಿಯ ಸಿಸ್ಟರ್ ಅದನ್ನು ತಡೆದು, ನೆಲದಲ್ಲೇ ಮಲಗಿಸಿ, ನನ್ನ ಎರಡೂ ಕಾಲುಗಳನ್ನು ಸ್ಟೂಲಿನ ಮೇಲೆ ಎತ್ತಿಟ್ಟಿದ್ದರು. ಎಚ್ಚರವಾದ ಮೇಲೆ ನೋಡಿದಾಗ ರಕ್ತದೊತ್ತಡ 80/50, ನಾಡಿ ನಿಮಿಷಕ್ಕೆ 44. ಕಿರಿಯ ವೈದ್ಯರೊಬ್ಬರು ನಗುತ್ತಾ, “ಇಷ್ಟು ದೊಡ್ಡ ಆಳು, ಒಂದು ಸೂಜಿಗೆ ಹೀಗಾ?” ಎಂದರು. ಆ ಮಾತು ಬಿದ್ದದ್ದಕ್ಕಿಂತ ಹೆಚ್ಚು ನೋಯಿಸಿತು. ಇ.ಸಿ.ಜಿ. ತೆಗೆದು, ಹೃದಯದಲ್ಲಿ ತೊಂದರೆಯಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ಗಂಟೆ ಮಲಗಿಸಿ ಮನೆಗೆ ಕಳಿಸಿದರು. ಕಾರು ಓಡಿಸಬಾರದೆಂದು ಸಿಸ್ಟರ್ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಕಾರು ಓಡಿಸಲು ಬಾರದ ಅವಳು ಅದನ್ನು ಹಿಡಿದುಕೊಂಡೇ ಊರಿಗೆ ಫೋನು ಮಾಡಿ ಪಕ್ಕದ ಮನೆಯ ಹುಡುಗನನ್ನು ಬಸ್ಸಿನಲ್ಲಿ ಕರೆಸಿಕೊಳ್ಳಬೇಕಾಯಿತು.

ಮನೆ ತಲುಪುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ನಮ್ಮ ಮಾವನವರು ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದವರು; ಅವರ ಎದುರು ಮುಖ ತೋರಿಸುವುದು ಹೇಗೆಂಬ ಚಿಂತೆಯೇ ನನಗೆ ದಾರಿಯುದ್ದಕ್ಕೂ ಇತ್ತು. ಅವರು ಕಣದಲ್ಲಿ ಕಾಫಿ ಎಳೆಯುತ್ತಿದ್ದವರು ಹಲಗೆಯನ್ನು ಪಕ್ಕಕ್ಕಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

“ಹೆದರಿಕೆಗೆ ಬಿದ್ದದ್ದು ಅಂತ ಹೇಳಿದ್ದು ಯಾರು?” ಎಂದರು. “ಪರೇಡಿನಲ್ಲಿ ಸಾವಧಾನ್ ನಿಂತಲ್ಲೇ ಎಂತೆಂಥವರು ದೊಪ್ಪನೆ ಬಿದ್ದದ್ದನ್ನು ನಾನು ನೋಡಿದ್ದೇನೆ. ಗುಂಡಿಗೆ ಹೆದರದವರು ಅವರು. ನಿಂತ ಕಾಲಿಗೆ ರಕ್ತ ಇಳಿದುಬಿಡ್ತದೆ. ಅದಕ್ಕೇ ಬೂಟಿನೊಳಗೆ ಕಾಲ್ಬೆರಳು ಆಡಿಸ್ತಾ ಇರ್ಬೇಕು, ಮೀನಖಂಡ ಬಿಗಿ ಮಾಡಿ ಬಿಡ್ಬೇಕು. ಹವಾಲ್ದಾರನ ಕಣ್ಣಿಗೆ ಬೀಳಬಾರದು, ಅಷ್ಟೇ.”

ಎರಡನೆಯ ಫಿಲ್ಲಿಂಗಿಗೆ ಮೊದಲು ಆ ಹಿರಿಯ ಸಿಸ್ಟರಿಗೆ ಫೋನು ಮಾಡಿದಾಗ ಅವರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಬೇರೆ ಯಾವುದೇ ಹೆದರಿಕೆಯಲ್ಲಿ ಎದೆ ಹೊಡೆದುಕೊಂಡು ರಕ್ತದೊತ್ತಡ ಏರುತ್ತದೆ, ಆದ್ದರಿಂದ ಹೆದರಿದವನು ಸಾಮಾನ್ಯವಾಗಿ ಬೀಳುವುದಿಲ್ಲ. ಸೂಜಿ, ರಕ್ತ, ಗಾಯ ಇವುಗಳ ವಿಷಯದಲ್ಲಿ ಮಾತ್ರ ಕೆಲವರ ದೇಹ ಬೇರೆ ರೀತಿ ವರ್ತಿಸುತ್ತದೆ: ಒತ್ತಡ ಮೊದಲು ತುಸು ಏರಿ, ಮರುಕ್ಷಣ ದಿಢೀರನೆ ಕುಸಿಯುತ್ತದೆ. ಮಿದುಳಿನಿಂದ ಹೃದಯದ ಕಡೆಗೆ ಇಳಿಯುವ ವೇಗಸ್ ನರದ ಪ್ರಚೋದನೆಯಿಂದ ಹೃದಯದ ಬಡಿತ ನಿಧಾನವಾಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಕಾಲುಗಳ ಕಡೆಗೆ ಇಳಿಯುತ್ತದೆ, ಮಿದುಳಿಗೆ ಕೆಲವು ಸೆಕೆಂಡು ಸಾಲದೆ ಬರುತ್ತದೆ. ಕೈಕಾಲು ಅದುರುವುದೂ ಆ ಕೊರತೆಯಿಂದಲೇ, ಅದು ಮೂರ್ಛೆರೋಗವಲ್ಲ. ಇದು ಮನೆತನದಲ್ಲಿ ಹರಿದು ಬರುವುದುಂಟು ಎಂದೂ ಹೇಳಿದರು. ಕೋಳಿ ಕೊಯ್ಯುವಾಗಲೆಲ್ಲ ಹಿತ್ತಿಲಿನಿಂದ ಕಾಣೆಯಾಗುತ್ತಿದ್ದ ನನ್ನ ಅಣ್ಣನ ನೆನಪಾಯಿತು. ಅವನನ್ನು ಎಷ್ಟು ಗೇಲಿ ಮಾಡಿದ್ದೆವು!

ಹಾಗಾದರೆ ‘ಧೈರ್ಯ ತಂದುಕೊಳ್ಳಿ, ಮೈ ಸಡಿಲ ಬಿಡಿ’ ಎಂಬ ಉಪದೇಶ ಇಲ್ಲಿ ಕೆಲಸಕ್ಕೆ ಬಾರದು. ಮೈ ಸಡಿಲ ಬಿಟ್ಟಷ್ಟೂ ಒತ್ತಡ ಇಳಿಯುತ್ತದೆ. ಬೇಕಾದದ್ದು ಅದರ ತಿರುಗುಮುರುಗು. ಮುಷ್ಟಿ, ತೋಳು, ತೊಡೆ, ಮೀನಖಂಡ ಇವನ್ನು ಮುಖ ಬಿಸಿಯೇರುವ ತನಕ, ಅಂದರೆ ಹತ್ತು ಹದಿನೈದು ಸೆಕೆಂಡು, ಬಿಗಿಹಿಡಿಯಬೇಕು. ಇಪ್ಪತ್ತು ಮೂವತ್ತು ಸೆಕೆಂಡು ಬಿಡಬೇಕು. ಹೀಗೆ ಐದು ಸಲ. ಬಿಡುವಾಗಲೂ ಪೂರ್ತಿ ಸಡಿಲಿಸದೆ ಮೊದಲಿನ ಸ್ಥಿತಿಗೆ ಬಂದರೆ ಸಾಕು. ದಿನಕ್ಕೆ ನಾಲ್ಕೈದು ಬಾರಿ ಅಭ್ಯಾಸ ಮಾಡಿ ಎಂದರು. ಸಂಘದ ಕೌಂಟರಿನ ಹಿಂದೆ ಕೂತು ಮಾಡುತ್ತಿದ್ದೆ. ಗೊಬ್ಬರದ ಚೀಟಿ ಬರೆಸಲು ಬಂದವರೊಬ್ಬರು ನನ್ನ ಮುಖ ಕೆಂಪಾದದ್ದನ್ನು ಕಂಡು, ಸ್ಟಾಕು ಮುಗಿದಿದ್ದರೆ ಪರವಾಗಿಲ್ಲ, ನಾಳೆ ಬರುತ್ತೇನೆಂದು ಹೊರಟುಹೋದರು.

ನೀರಿನದು ಮಾತ್ರ ಬಗೆಹರಿಯದ ತೊಡಕಾಗಿತ್ತು. ಸೂಜಿಗೆ ಬವಳಿ ಬರುವವರಿಗೆ, ಮೊದಲೇ ಎರಡು ಲೋಟ ನೀರನ್ನು ಗಟಗಟನೆ ಕುಡಿದುಬಿಡಿ ಎನ್ನುತ್ತಾರೆ. ಹಾಗೆ ಕುಡಿದ ನೀರು ಸ್ವಲ್ಪ ಹೊತ್ತು ರಕ್ತದೊತ್ತಡವನ್ನು ಎತ್ತಿಹಿಡಿಯುತ್ತದೆಂಬುದು ನಿಜ. ಬ್ಯಾಂಡ್ ಹಾಕಿಸಿಕೊಂಡವನು ಗಟಗಟನೆ ಕುಡಿಯುವಂತಿಲ್ಲ, ಕುಡಿದರೆ ಎದೆಯ ನಡುವೆ ಕಟ್ಟಿಕೊಂಡು ಹಿಂದಕ್ಕೆ ಬರುತ್ತದೆ. ಎಲ್ಲರಿಗೂ ಅನ್ವಯಿಸುವ ಆ ಸಲಹೆ ನಮ್ಮಂಥವರಿಗೆ ಅನ್ವಯಿಸುವುದಿಲ್ಲವೆಂಬುದನ್ನು ಯಾವ ಕರಪತ್ರದಲ್ಲೂ ನಾನು ಕಾಣಲಿಲ್ಲ. ಕೊನೆಗೆ ಕಂಡುಕೊಂಡ ಉಪಾಯವೆಂದರೆ, ಅರ್ಧ ಲೀಟರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಕುಶಾಲನಗರ ದಾಟಿದ ಮೇಲೆ ಗುಟುಕು ಗುಟುಕಾಗಿ ಆರಂಭಿಸಿ ಹುಣಸೂರು ಬರುವಷ್ಟರಲ್ಲಿ ಮುಗಿಸುವುದು. ಫಿಲ್ಲಿಂಗಿಗೆ ಎಷ್ಟು ಹೊತ್ತು ಮುಂಚೆ ನಿಲ್ಲಿಸಬೇಕೆಂಬುದನ್ನು ಆಸ್ಪತ್ರೆಯಲ್ಲೇ ಕೇಳಿಕೊಂಡಿದ್ದೆ. ಬೆಳಿಗ್ಗೆ ಹೊರಡುವ ಮುನ್ನ ಉಪ್ಪು ಹಾಕಿದ ತೆಳು ಗಂಜಿ.

ಫೆಬ್ರವರಿಯ ಎರಡನೆಯ ಫಿಲ್ಲಿಂಗಿನಲ್ಲಿ ಒಳಗೆ ಹೋದವನೇ, “ನನಗೆ ಬವಳಿ ಬರುತ್ತದೆ, ಕಳೆದ ಸಲ ಬಿದ್ದಿದ್ದೆ” ಎಂದು ನಾನಾಗಿ ಹೇಳಿದೆ. ಆ ವಾಕ್ಯವನ್ನು ದಾರಿಯಲ್ಲಿ ಹತ್ತಾರು ಸಲ ಬಾಯಿಪಾಠ ಮಾಡಿದ್ದೆ. ಹೇಳುವಾಗ ನಾಲಿಗೆ ಒಣಗಿತು. ಕಾಲಿನ ಕೆಳಗೆ ಸುತ್ತಿದ ಕಂಬಳಿ ಇಟ್ಟರು. ಸೂಜಿ ಬರುವ ಮುಂಚೆ ಮೂರು ಸುತ್ತು ಮೈ ಬಿಗಿಸಿದೆ. ಸೂಜಿ ಒಳಗಿರುವಾಗ ಹೊಟ್ಟೆ ಅಲುಗಬಾರದಾದ್ದರಿಂದ ಆಗ ಮುಷ್ಟಿ ಮತ್ತು ಮೀನಖಂಡ ಮಾತ್ರ. ‘ಟಕ್’ ಎಂದಿತು. ಆಕಳಿಕೆ ಬರುವ ಸೂಚನೆಯಾಯಿತು. ಕಾಲ್ಬೆರಳುಗಳನ್ನು ಮಡಚಿ ಹಿಡಿದೆ, ಅದು ಅಲ್ಲೇ ನಿಂತಿತು. 1 ಮಿಲಿಲೀಟರ್. ಬಳಿಕ ಹದಿನೈದು ನಿಮಿಷ ಮಲಗಿ, ಐದು ನಿಮಿಷ ಕಾಲು ಇಳಿಬಿಟ್ಟು ಕೂತು, ಆಮೇಲೆ ನೀರಿನ ಲೋಟ ತೆಗೆದುಕೊಂಡೆ. ಬೆವರಿದೆ, ಬೀಳಲಿಲ್ಲ.

ಇಲ್ಲಿಗೆ ಗೆದ್ದೆ ಎಂದುಕೊಂಡೆ. ಆದರೆ ಅದೇ ತಿಂಗಳ ಕೊನೆಯಿಂದ ಮನೆಯಲ್ಲಿ, ಯಾವ ಸೂಜಿಯೂ ಇಲ್ಲದೆ, ತಲೆಸುತ್ತು ಶುರುವಾಯಿತು. ಕಣದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಾಫಿಯಲ್ಲಿನ ಕಡ್ಡಿ ಆರಿಸಿ ಎದ್ದರೆ ಕಣ್ಣು ಕತ್ತಲೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ಗೋಡೆ ಹಿಡಿದು ನಿಲ್ಲಬೇಕು. ಪಿತ್ತ ಕೆರಳಿದೆ ಎಂದು ಅತ್ತೆಯವರು ಶುಂಠಿ ನಿಂಬೆಯ ಪಾನಕ ಮಾಡಿಕೊಟ್ಟರು. ಬ್ಯಾಂಡೇ ನರವನ್ನು ಒತ್ತುತ್ತಿರಬೇಕು, ಫಿಲ್ಲಿಂಗಿನ ಬವಳಿಯೇ ಈಗ ಮನೆಗೂ ಬಂದಿದೆ ಎಂದು ನಾನು ಖಚಿತವಾಗಿ ನಂಬಿದ್ದೆ. ಎಷ್ಟೆಂದರೆ, ಮಾರ್ಚ್ ಮೊದಲ ವಾರದ ಫಿಲ್ಲಿಂಗನ್ನು ರದ್ದುಪಡಿಸಿ, ಬ್ಯಾಂಡನ್ನು ತೆಗೆಸಿಬಿಡುವ ಯೋಚನೆಯನ್ನೂ ಮಾಡಿದೆ.

ತಪ್ಪನ್ನು ತಿದ್ದಿದವರು ನಮ್ಮೂರ ಡಾಕ್ಟರು. ಅವರು ಮಾಡಿದ್ದು ತೀರ ಸರಳವಾದ ಕೆಲಸ. ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿದರು: 112/74. ಎದ್ದು ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿದರು: 88/60. ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ, ಎದ್ದಾಗ ಒತ್ತಡ ಕುಸಿಯುತ್ತಿದೆ ಎಂದೇ ಅರ್ಥ. ಬಳಿಕ ನನ್ನ ಮಾತ್ರೆಗಳನ್ನು ಮೇಜಿನ ಮೇಲೆ ಸುರಿಸಿ ನೋಡಿದರು. 121 ಕಿಲೋ ತೂಗುತ್ತಿದ್ದ ದೇಹಕ್ಕೆ ಬರೆದ ಮಾತ್ರೆಗಳನ್ನು 104 ಕಿಲೋದ ದೇಹ ನುಂಗುತ್ತಿತ್ತು. ಅವುಗಳಲ್ಲಿ ಒಂದು, ಮೂತ್ರದ ಮೂಲಕ ನೀರನ್ನೂ ಉಪ್ಪನ್ನೂ ಹೊರಹಾಕುವಂಥದ್ದು. ನಾನೋ, ಬ್ಯಾಂಡಿನ ದೆಸೆಯಿಂದ ದಿನಕ್ಕೆ ಮುಕ್ಕಾಲು ಲೀಟರ್ ನೀರನ್ನೂ ಕುಡಿಯುತ್ತಿರಲಿಲ್ಲ. ಅವರು ಮೈಸೂರಿಗೆ ಫೋನು ಮಾಡಿ ಮಾತಾಡಿ ಆ ಮಾತ್ರೆಯನ್ನು ನಿಲ್ಲಿಸಿದರು, ಇನ್ನೊಂದನ್ನು ಅರ್ಧಕ್ಕೆ ಇಳಿಸಿದರು, ರಕ್ತದಲ್ಲಿ ಕಬ್ಬಿಣ ಮತ್ತು ಬಿ12 ನೋಡಿಸಿದರು. ಹತ್ತು ದಿನಗಳಲ್ಲಿ ಕಣದಿಂದ ನೆಟ್ಟಗೆ ಏಳುವಂತಾದೆ.

ಎರಡು ಬವಳಿಗಳೂ ಒಳಗಿನಿಂದ ಒಂದೇ ರೀತಿ ಕಾಣುತ್ತವೆ. ಅದೇ ಬೆವರು, ಅದೇ ಕಿವಿಯ ಸದ್ದು. ಮೂಲ ಮಾತ್ರ ಬೇರೆ. ಒಂದಕ್ಕೆ ಮುಷ್ಟಿ ಬಿಗಿಯಬೇಕು, ಇನ್ನೊಂದಕ್ಕೆ ಮಾತ್ರೆಯ ಚೀಟಿ ತಿದ್ದಿಸಬೇಕು. ಇದನ್ನು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು, ಮೂರನೆಯ ಬಗೆಯೊಂದು ಇದೆಯೆಂದು ತಿಳಿಯಲು ಇನ್ನೂ ಒಂದು ತಿಂಗಳು.

ಏಪ್ರಿಲಿನಲ್ಲಿ ಮತ್ತೆ 1 ಮಿಲಿಲೀಟರ್ ತುಂಬಿದರು. ಕೊಠಡಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತು. ಲೋಟದ ನೀರೂ ಇಳಿಯಿತು. ಪಿರಿಯಾಪಟ್ಟಣ ದಾಟಿದ ಮೇಲೆ ಕುಡಿದ ಗುಟುಕು ಎದೆಯಲ್ಲಿ ನಿಂತಿತು. ರಾತ್ರಿಯಷ್ಟರಲ್ಲಿ ನನ್ನ ಎಂಜಲನ್ನೇ ನುಂಗಲಾಗದೆ ಬಟ್ಟಲು ಹಿಡಿದು ಕೂತಿದ್ದೆ. ತುಂಬಿದ ಮೇಲೆ ಒಳಗೆ ತುಸು ಊದಿಕೊಂಡು ಬಿಗಿ ಹೆಚ್ಚುವುದುಂಟೆಂದು ಕೇಳಿದ್ದರಿಂದ, ಬೆಳಗಾದರೆ ಸರಿಹೋದೀತೆಂದು ತಾಳಿಕೊಂಡೆ. ಹೊರಗೆ ಗುಡುಗು ಮಳೆ, ಕರೆಂಟಿಲ್ಲ, ಅಷ್ಟು ಹೊತ್ತಿನಲ್ಲಿ ಮೈಸೂರಿಗೆ ಹೋಗುವುದೆಂದರೆ ಯಾರನ್ನು ಎಬ್ಬಿಸುವುದು ಎಂಬ ಸಂಕೋಚವೂ ಇತ್ತು. ಬೆಳಿಗ್ಗೆ ಬಚ್ಚಲಿಗೆ ಹೋದವನು ಅಲ್ಲೇ ಕುಸಿದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕಿತ್ತು.

ಇದಕ್ಕೆ ಮುಷ್ಟಿ ಬಿಗಿದು ಪ್ರಯೋಜನವಿರಲಿಲ್ಲ, ಏಕೆಂದರೆ ಬಿಗಿದು ಮೇಲಕ್ಕೆ ತಳ್ಳಲು ಮೈಯಲ್ಲಿ ನೀರೇ ಉಳಿದಿರಲಿಲ್ಲ. ಕುಶಾಲನಗರದಲ್ಲಿ ಒಂದು ಬಾಟಲಿ ಡ್ರಿಪ್ ಏರಿಸಿಕೊಂಡು, ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿ ಮೈಸೂರು ತಲುಪಿದೆ. ಅರ್ಧ ಮಿಲಿಲೀಟರ್ ಹೊರಗೆಳೆದರು. ಆ ನಿಮಿಷವನ್ನು ಮರೆಯುವಂತಿಲ್ಲ: ಸಿಸ್ಟರ್ ಕೊಟ್ಟ ಚಮಚದಷ್ಟು ನೀರನ್ನು ನುಂಗಿದೆ, ಅದು ಎದೆಯ ಹಿಂದೆ ಒಂದು ಕ್ಷಣ ತಡೆದು, ಬಚ್ಚಲ ಬಿಲದಲ್ಲಿ ನೀರಿಳಿಯುವ ಸದ್ದು ಮಾಡಿ ಕೆಳಗೆ ಹೋಯಿತು. ಮಗ್ಗುಲಲ್ಲಿದ್ದ ಹೆಂಡತಿಗೂ ಆ ಸದ್ದು ಕೇಳಿಸಿತು. ಸೂಜಿ ಚುಚ್ಚಿದ್ದಾಗಲೀ ‘ಟಕ್’ ಎಂದದ್ದಾಗಲೀ ಆ ದಿನ ನನ್ನ ಗಮನಕ್ಕೇ ಬರಲಿಲ್ಲ.

“ನೀರು ಇಳಿಯದಿದ್ದರೆ ಬೆಳಗಿನ ತನಕ ಕಾಯುವುದಲ್ಲ ಸರ್, ಆಗಲೇ ಫೋನು ಮಾಡುವುದು” ಎಂದು ಸಿಸ್ಟರ್ ಗದರಿದರು. ಬಳಿಕ ನನ್ನ ಫೈಲಿನ ಹೊದಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: ಮಲಗಿಸಿಯೇ ಮಾಡಬೇಕು, ಕಾಲು ಎತ್ತರದಲ್ಲಿರಲಿ, 30 ನಿಮಿಷದ ಮೊದಲು ಏಳಿಸಬಾರದು, ದೂರದ ಊರು, ನೀರು ಇಳಿಯುವುದನ್ನು ಒಂದು ಗಂಟೆಯ ನಂತರ ಮತ್ತೊಮ್ಮೆ ನೋಡಿ ಕಳಿಸಬೇಕು. ಆ ಕೊನೆಯ ವಾಕ್ಯವನ್ನು ಮೊದಲ ದಿನವೇ ಯಾರಾದರೂ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು! ಮೈಸೂರಿನ ರೋಗಿಗೆ ಆಟೋ ಹತ್ತಿ ವಾಪಸು ಬರುವುದು ಅರ್ಧ ಗಂಟೆಯ ಮಾತು, ಕೊಡಗಿನವನಿಗೆ ಅದು ಒಂದು ದಿನದ ಪ್ರಯಾಣ.

ಮುಂದಿನ ಫಿಲ್ಲಿಂಗುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅರ್ಧ, ಕಾಲು ಮಿಲಿಲೀಟರುಗಳಲ್ಲಿ ಇನ್ನೂ ಮೂರು ಸಲ ಆಯಿತು. ಒಂದರಲ್ಲಿ, ಸಮಯವಾಯಿತೆಂದು ಬೇಗ ಎದ್ದದ್ದರಿಂದ ಮತ್ತೆ ಕಣ್ಣು ಮಂಜಾಯಿತು. ಈ ಸಲ ಆಕಳಿಕೆ ಬಂದ ಕೂಡಲೇ ನಾನೇ ನೆಲದ ಮೇಲೆ ಮಲಗಿಬಿಟ್ಟೆ. ಬೀಳುವುದಕ್ಕೂ ಮಲಗುವುದಕ್ಕೂ ತಲೆಗೆ ಆಗುವ ವ್ಯತ್ಯಾಸ ದೊಡ್ಡದು. ಕಾರನ್ನು ಆ ದಿನಗಳಲ್ಲಿ ನಾನು ಮುಟ್ಟಲಿಲ್ಲ.

ಕಳೆದ ವರ್ಷ ನಮ್ಮ ಸಂಘದ ಗೋದಾಮಿನಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆ ನಡೆಯಿತು. ರಕ್ತ ತೆಗೆಯಲು ಬಂದಿದ್ದ ಹುಡುಗಿಗೆ, ನಾನು ಮಲಗಿಯೇ ಕೊಡುವವನು ಎಂದು ಹೇಳಿದೆ. ಮಂಚವಿರಲಿಲ್ಲ. ಯೂರಿಯಾ ಮೂಟೆಗಳನ್ನು ಎರಡರ ಪಕ್ಕ ಎರಡು ಎಳೆದು, ಮೇಲೆ ಖಾಲಿ ಚೀಲ ಹಾಸಿ ಮಲಗಿದೆ. ಸಾಲಿನಲ್ಲಿದ್ದವರು ನಕ್ಕರು, ನಾನು ಮೀನಖಂಡ ಬಿಗಿಯುತ್ತಾ ಇದ್ದೆ. ಕೆಲಸ ಮುಗಿದು, ಹೇಳಿದಷ್ಟು ಹೊತ್ತು ಮಲಗಿ ಏಳುವಾಗ, ನನ್ನ ಹಿಂದೆಯೇ ನಿಂತಿದ್ದ, ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗಿರಿಜಾ ಮೀಸೆಯ ಹಿರಿಯರೊಬ್ಬರು ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: “ಮೂಟೆ ಹಾಗೇ ಇರಲಿ ಮಾರಾಯರೇ, ತೆಗೀಬೇಡಿ.”